ಇಳಿಜಾರಿನ ತುದಿಯ ಊರು: ಕ್ಯಾಸಲ್ ರಾಕ್ ರೈಲು ನಿಲ್ದಾಣ

ಲೋಂಡಾ ಜಂಕ್ಷನ್‌ನಿಂದ ಗೋವಾ ಕಡೆಗೆ ಹೊರಟ ರೈಲು ತಿನೈಘಾಟ್ ದಾಟಿದ ಮೇಲೆ, ಇನ್ನು ಘಟ್ಟ ಇಳಿಯುವುದೊಂದೇ ಬಾಕಿ ಎನ್ನುವ ಜಾಗದಲ್ಲಿ, ಒಂದು ಸಣ್ಣ ಊರಿನ ಮುಂದೆ ನಿಲ್ಲುತ್ತದೆ. ಊರಿನ ಹೆಸರು ಕ್ಯಾಸಲ್ ರಾಕ್. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿಗೆ ಸೇರಿದ, ಸಮುದ್ರ ಮಟ್ಟದಿಂದ ಸುಮಾರು 620 ಮೀಟರ್ ಎತ್ತರದಲ್ಲಿ ದಟ್ಟ ಕಾಡಿನ ನಡುವೆ ಇರುವ ಈ ಊರಿನಲ್ಲಿ ದೊಡ್ಡ ಪೇಟೆಯಿಲ್ಲ, ಕಾರ್ಖಾನೆಯಿಲ್ಲ, ಜನ ದೂರದಿಂದ ಹುಡುಕಿಕೊಂಡು ಬರುವಂಥ ದೇವಸ್ಥಾನವೂ ಇಲ್ಲ. ಆದರೂ ದೆಹಲಿಯ ನಿಜಾಮುದ್ದೀನ್‌ನಿಂದ ಬರುವ ಗೋವಾ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತದೆ, ಹೌರಾದಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ ನಿಲ್ಲುತ್ತದೆ, ಯಶವಂತಪುರದಿಂದ ವಾಸ್ಕೋಗೆ ಹೋಗುವ ರೈಲೂ ನಿಲ್ಲುತ್ತದೆ. ಇದಕ್ಕಿಂತ ಎಷ್ಟೋ ದೊಡ್ಡ ಊರುಗಳು ಒಂದು ಎಕ್ಸ್‌ಪ್ರೆಸ್ ರೈಲಿನ ನಿಲುಗಡೆಗಾಗಿ ಸಂಸದರ ಮನೆ ಬಾಗಿಲಿಗೆ ವರ್ಷಗಟ್ಟಲೆ ಅಲೆಯುವುದನ್ನು ನೋಡಿರುವ ನನಗೆ, ಕಾಡಿನ ನಡುವಿನ ಈ ಹಳ್ಳಿಗೆ ಇಷ್ಟು ರೈಲುಗಳು ಹೇಗೆ ಒಲಿದವು ಎಂಬ ಪ್ರಶ್ನೆ ಚಿಕ್ಕಂದಿನಿಂದಲೂ ಇತ್ತು. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಹತ್ತಿಯ ವ್ಯಾಪಾರ, ಬರಗಾಲ, ಉಪ್ಪಿನ ಏಕಸ್ವಾಮ್ಯ, ಎರಡು ಸಾಮ್ರಾಜ್ಯಗಳ ಒಪ್ಪಂದ, ಒಂದು ವಿಮೋಚನಾ ಹೋರಾಟ ಎಲ್ಲವೂ ಈ ಪ್ಲಾಟ್‌ಫಾರ್ಮಿಗೇ ಬಂದು ಸೇರುತ್ತವೆ.

ಕಥೆ ಶುರುವಾಗುವುದು ಕ್ಯಾಸಲ್ ರಾಕ್‌ನಿಂದ ದೂರದಲ್ಲಿ, ಧಾರವಾಡ ಸೀಮೆಯ ಕಪ್ಪು ಮಣ್ಣಿನ ಹೊಲಗಳಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಗಿ, ಧಾರವಾಡ, ಹುಬ್ಬಳ್ಳಿ, ಗದಗ ಭಾಗದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತು. ಆ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಮತ್ತು ಕಾರವಾರದ ಬಂದರುಗಳನ್ನು ಸೇರುತ್ತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರೆಸಿಡೆನ್ಸಿಯಿಂದ ಬೇರ್ಪಡಿಸಿ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಉದ್ದೇಶವೇ ಮುಖ್ಯವಾಗಿತ್ತು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ದಾರಿ ಹಾಕಬೇಕೆಂಬ ಯೋಚನೆಯೂ ಆ ಕಾಲದಲ್ಲೇ ಹುಟ್ಟಿತು. ಅದು ಕೈಗೂಡಲಿಲ್ಲ. ಕೈಗೂಡದಿರಲು ಒಂದು ದೊಡ್ಡ ಕಾರಣ ಕಾರವಾರದ ಉತ್ತರಕ್ಕೆ, ಹೆಚ್ಚು ದೂರವೇನೂ ಇಲ್ಲದ ಪೋರ್ಚುಗೀಸರ ಮರ್ಮಗೋವಾದಲ್ಲಿತ್ತು.

1878ರ ಡಿಸೆಂಬರ್ 26ರಂದು ಲಿಸ್ಬನ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಗೋವಾ ಮತ್ತು ಬ್ರಿಟಿಷ್ ಭಾರತದ ನಡುವಿನ ಸುಂಕದ ಗಡಿಯನ್ನು ತೆಗೆದುಹಾಕುವುದು, ಗೋವಾದ ಉಪ್ಪಿನ ತಯಾರಿಕೆ ಮತ್ತು ಮಾರಾಟದ ಮೇಲಿನ ಹಿಡಿತವನ್ನು ಬ್ರಿಟಿಷರಿಗೆ ಕೊಡುವುದು, ಅದಕ್ಕೆ ಬದಲಾಗಿ ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಲ್ಲಿಸುವುದು, ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಹುಬ್ಬಳ್ಳಿಯವರೆಗೆ ರೈಲು ದಾರಿ ಹಾಕುವುದು, ಇವು ಅದರ ಮುಖ್ಯ ಅಂಶಗಳು. ಬ್ರಿಟಿಷರಿಗೆ ಬೇಕಾಗಿದ್ದದ್ದು ಉಪ್ಪಿನ ತೆರಿಗೆಗೆ ಗೋವಾದ ಅಗ್ಗದ ಉಪ್ಪಿನಿಂದ ಬೀಳುತ್ತಿದ್ದ ಪೆಟ್ಟನ್ನು ತಪ್ಪಿಸುವುದು. ಪೋರ್ಚುಗೀಸರಿಗೆ ಬೇಕಾಗಿದ್ದದ್ದು ಸೊರಗಿಹೋಗಿದ್ದ ಗೋವಾಕ್ಕೆ ಒಳನಾಡಿನ ವ್ಯಾಪಾರ ಹರಿದುಬರುವುದು. ಒಪ್ಪಂದ 1880ರ ಜನವರಿಯಲ್ಲಿ ಜಾರಿಗೆ ಬಂದಿತು. ಮರುವರ್ಷ ಲಂಡನ್‌ನಲ್ಲಿ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂಬ ಕಂಪನಿ ಹುಟ್ಟಿಕೊಂಡಿತು. ಹಣ ಹೂಡಿದವರು ಇಂಗ್ಲಿಷರು. ಆ ಹಣಕ್ಕೆ ಬಡ್ಡಿಯ ಖಾತರಿ ಕೊಟ್ಟದ್ದು ಪೋರ್ಚುಗೀಸ್ ಸರ್ಕಾರ. ಕಾರವಾರಕ್ಕೆ ಬರಬೇಕಾಗಿದ್ದ ರೈಲು ಹೀಗೆ ಮರ್ಮಗೋವಾದ ಪಾಲಾಯಿತು. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಬೇಕೆಂದು ನಮ್ಮ ಜಿಲ್ಲೆಯವರು ಈಗಲೂ ಕೇಳುತ್ತಲೇ ಇದ್ದಾರೆ ಎಂಬುದನ್ನು ನೆನೆದರೆ, ಲಿಸ್ಬನ್‌ನ ಆ ಒಂದು ದಿನದ ನೆರಳು ಎಷ್ಟು ಉದ್ದವಾಗಿದೆ ಎಂದು ಮನಸ್ಸಿಗೆ ತಟ್ಟುತ್ತದೆ.

ಘಟ್ಟದ ಮೇಲಿನ ಕಡೆಯಲ್ಲಿ ನಡೆಯುತ್ತಿದ್ದ ಕೆಲಸದ ಹಿನ್ನೆಲೆ ಬೇರೆಯದು. 1876ರಿಂದ 1878ರವರೆಗಿನ ಭೀಕರ ಕ್ಷಾಮ ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳನ್ನು ನುಂಗಿಹಾಕಿತ್ತು. ಧಾನ್ಯ ಎಲ್ಲೋ ಇದ್ದರೂ ಹಸಿದವರಿದ್ದ ಊರಿಗೆ ಅದನ್ನು ತಲುಪಿಸುವ ದಾರಿಯಿಲ್ಲದೆ ಜನ ಸತ್ತರು ಎಂಬ ಅನುಭವದಿಂದ, ಕ್ಷಾಮ ತಡೆಯುವ ಉದ್ದೇಶದ ರೈಲು ಮಾರ್ಗಗಳನ್ನು ಹಾಕಲು ಸರ್ಕಾರ ಮುಂದಾಯಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಹೋಟಗಿಯಿಂದ ಗದಗಿಗೆ ಮೀಟರ್ ಗೇಜ್ ಹಳಿ ಹಾಕುವ ಕೆಲಸವನ್ನು ಕೈಗೆತ್ತಿಕೊಂಡದ್ದು ಇದರ ಅಂಗವಾಗಿಯೇ. ಅದೇ ಕಂಪನಿ ಹುಬ್ಬಳ್ಳಿ, ಧಾರವಾಡ, ಲೋಂಡಾ ಮಾರ್ಗವಾಗಿ ಪಶ್ಚಿಮಕ್ಕೆ ಬಂದು ಪೋರ್ಚುಗೀಸ್ ಗಡಿಯನ್ನು ಮುಟ್ಟಿತು. ಕೆಳಗಿನಿಂದ ಬಂದ ಹಳಿ 1887ರಲ್ಲಿ ಮರ್ಮಗೋವಾದಿಂದ ಸಾವರ್ಡೆಯವರೆಗೆ ತೆರೆದುಕೊಂಡು, 1888ರಲ್ಲಿ ಘಟ್ಟ ಹತ್ತಿ ಗಡಿಯನ್ನು ತಲುಪಿತು. ಎರಡು ಸಾಮ್ರಾಜ್ಯಗಳ ಹಳಿಗಳು ಕೂಡಿಕೊಳ್ಳುವ ಜಾಗಕ್ಕೆ ಒಂದು ನಿಲ್ದಾಣ ಬೇಕಾಯಿತು. ಕ್ಯಾಸಲ್ ರಾಕ್ ಎಂಬ ಊರು ಇಂದಿನ ರೂಪಕ್ಕೆ ಬಂದದ್ದು ಆ ನಿಲ್ದಾಣದ ಸುತ್ತ. ಊರಿಗಾಗಿ ನಿಲ್ದಾಣ ಕಟ್ಟುವುದು ವಾಡಿಕೆ. ಇಲ್ಲಿ ನಿಲ್ದಾಣಕ್ಕಾಗಿ ಊರು ಬೆಳೆಯಿತು.

ಮಲೇರಿಯಾಕ್ಕೆ ಹೆಸರಾಗಿದ್ದ ಸೂಪಾ ಸೀಮೆಯ ಆ ಕಾಡಿನಲ್ಲಿ, ಮಳೆಗಾಲದ ತಿಂಗಳುಗಳಲ್ಲಿ ಕಣ್ಣೆದುರಿನ ಮರವೂ ಕಾಣದಂಥ ಮಂಜಿನಲ್ಲಿ, ಬಂಡೆ ಒಡೆದು ಸುರಂಗ ಕೊರೆದ ಕೂಲಿಗಳ ಹೆಸರುಗಳನ್ನು ಯಾವ ಫಲಕವೂ ಹೇಳುವುದಿಲ್ಲ. ಬ್ರಗಾಂಜಾ ಘಾಟ್ ಎಂದು ಪೋರ್ಚುಗಲ್ಲಿನ ರಾಜಮನೆತನದ ಹೆಸರನ್ನು ಹೊತ್ತಿರುವ ಈ ಇಳಿಜಾರಿನಲ್ಲಿ ರೈಲು ಸುರಂಗದಿಂದ ಸುರಂಗಕ್ಕೆ ನುಗ್ಗುವಾಗಲೆಲ್ಲ ಅವರು ಯಾವ ಊರಿನವರಿದ್ದಿರಬಹುದು ಎಂದು ನಾನು ಯೋಚಿಸುತ್ತೇನೆ. ಕ್ಷಾಮದಲ್ಲಿ ಹೊಲ ಕಳೆದುಕೊಂಡು ಕೂಲಿ ಅರಸಿ ಬಂದ ನಮ್ಮ ಬಯಲುಸೀಮೆಯವರೂ ಅವರಲ್ಲಿ ಇದ್ದಿರಬೇಕೆಂದು ನನ್ನ ಮನಸ್ಸು ಹೇಳುತ್ತದೆ.

ಒಪ್ಪಂದದ ಅವಧಿ ಇದ್ದದ್ದು 12 ವರ್ಷ. 1892ರಲ್ಲಿ ಅದು ಮುಗಿದಾಗ ಯಾರೂ ಅದನ್ನು ಮುಂದುವರಿಸಲಿಲ್ಲ. ಹೀಗಾಗಿ ರೈಲು ಘಟ್ಟ ಹತ್ತಿದ ನಾಲ್ಕೇ ವರ್ಷಕ್ಕೆ ಸುಂಕದ ಕಟ್ಟೆ ಮರಳಿ ಬಂದಿತು, ಮತ್ತು ಕ್ಯಾಸಲ್ ರಾಕ್ ಒಂದು ಗಡಿ ನಿಲ್ದಾಣವಾಯಿತು. ಮೇಲೆ ಕ್ಯಾಸಲ್ ರಾಕ್‌ನಲ್ಲಿ ಬ್ರಿಟಿಷರ ಕಸ್ಟಮ್ಸ್, ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರದು. ಮುಂಬಯಿಯಲ್ಲಿ ದುಡಿಯುತ್ತಿದ್ದ ಗೋವಾದವರು, ಅಂದರೆ ಹಡಗಿನ ಖಲಾಸಿಗಳು, ಅಡುಗೆಯವರು, ವಾದ್ಯ ನುಡಿಸುವವರು, ಗುಮಾಸ್ತರು, ರಜೆಗೆ ಊರಿಗೆ ಹೋಗುವಾಗ ಹಡಗು ಹಿಡಿಯದಿದ್ದರೆ ಪುಣೆ, ಮಿರಜ, ಬೆಳಗಾವಿ, ಲೋಂಡಾ ಮಾರ್ಗವಾಗಿ ಈ ರೈಲಿನಲ್ಲೇ ಬರಬೇಕಾಗಿತ್ತು. ಅವರ ಟ್ರಂಕುಗಳು ಈ ಪ್ಲಾಟ್‌ಫಾರ್ಮಿನಲ್ಲಿ ಬಾಯಿ ತೆರೆಯುತ್ತಿದ್ದವು. ಗೋವಾದ ಹಿರಿಯರ ನೆನಪುಗಳಲ್ಲಿ ಕ್ಯಾಸಲ್ ರಾಕ್ ಎಂಬ ಹೆಸರಿನ ಜೊತೆಗೆ ಇಂದಿಗೂ ಕಸ್ಟಮ್ಸ್ ತಪಾಸಣೆಯ ಆತಂಕ ಬೆರೆತಿದೆ. ನಮ್ಮ ಜಿಲ್ಲೆಯ ಒಂದು ಹಳ್ಳಿಯ ಹೆಸರು ನಮಗಿಂತ ಹೆಚ್ಚಾಗಿ ಗೋವಾದವರ ಮನೆಮಾತಾಗಿರುವುದಕ್ಕೆ ಇದೇ ಕಾರಣ.

ವ್ಯಾಪಾರದ ಲೆಕ್ಕದಲ್ಲಿ ಆ ರೈಲ್ವೆ ತನ್ನ ಹುಟ್ಟಿನ ಆಸೆಗಳನ್ನು ಪೂರೈಸಿತೆಂದು ಹೇಳಲಾಗದು. ಒಳನಾಡಿನ ಸರಕಿಗೆ ಮುಂಬಯಿಯ ಸೆಳೆತವೇ ದೊಡ್ಡದಾಗಿತ್ತು. 1902ರಲ್ಲಿ ಪೋರ್ಚುಗೀಸ್ ಭಾಗದ ಮಾರ್ಗವನ್ನು ನಡೆಸುವ ಹೊಣೆಯೂ ಸದರ್ನ್ ಮರಾಠಾ ಕಂಪನಿಗೆ ಬಂದಿತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಭಾಗವೊಂದರ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ನಮ್ಮ ಅಜ್ಜಂದಿರ ಕಾಲದವರು ಎಂ.ಎಸ್.ಎಂ. ಎಂದು ಕರೆಯುತ್ತಿದ್ದದ್ದು ಇದನ್ನೇ.

ಗಡಿ ಎಂದಮೇಲೆ ರಾಜಕೀಯವೂ ರೈಲು ಹತ್ತಿ ಬರುತ್ತದೆ. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ರಾಮ ಮನೋಹರ ಲೋಹಿಯಾ ನಿಷೇಧವನ್ನು ಮುರಿದು ಸಭೆ ನಡೆಸಿ, ಗೋವಾದ ಸ್ವಾತಂತ್ರ್ಯ ಹೋರಾಟಕ್ಕೆ ಹೊಸ ಕಿಚ್ಚು ಕೊಟ್ಟರು. ಗಡಿಪಾರಾದ ಅವರು ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಗೋವಾಕ್ಕೆ ಹೊರಟಾಗ ಪೋರ್ಚುಗೀಸ್ ಪೊಲೀಸರು ಅವರನ್ನು ಬಂಧಿಸಿದ್ದು ಕುಳೆಂ ರೈಲು ನಿಲ್ದಾಣದಲ್ಲಿ. ಒಳನಾಡಿನಿಂದ ಕುಳೆಂ ತಲುಪುವ ಯಾವುದೇ ರೈಲು ಕ್ಯಾಸಲ್ ರಾಕ್ ದಾಟಿಯೇ ಇಳಿಯಬೇಕು.

1947ರಲ್ಲಿ ಭಾರತ ಸ್ವತಂತ್ರವಾದ ಮೇಲೆ ಈ ಹಳ್ಳಿಯ ಮುಂದಿನ ಗಡಿ ಇನ್ನಷ್ಟು ಬಿಗಿಯಾಯಿತು. 1955ರ ಆಗಸ್ಟ್ 15ರಂದು ದೇಶದ ಮೂಲೆಮೂಲೆಗಳಿಂದ ಬಂದ ಸಾವಿರಾರು ಸತ್ಯಾಗ್ರಹಿಗಳು ಹಲವು ಕಡೆಗಳಿಂದ ಗೋವಾ ಪ್ರವೇಶಿಸಿದರು. ಅವರಲ್ಲಿ ಒಂದು ಗುಂಪು ಕ್ಯಾಸಲ್ ರಾಕ್ ಕಡೆಯಿಂದಲೂ ಹೋಯಿತು. ನಿಶ್ಶಸ್ತ್ರರಾಗಿದ್ದ ಅವರ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಆ ದಿನ ಗಡಿಯುದ್ದಕ್ಕೂ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ಭಾರತ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು, ಗಡಿ ದಾಟುವ ರೈಲು ನಿಂತಿತು. ಮುಂದಿನ ಆರು ವರ್ಷ ಕ್ಯಾಸಲ್ ರಾಕ್ ಒಂದು ಕೊನೆಯ ನಿಲ್ದಾಣವಾಗಿ ಉಳಿಯಿತು. ಅಲ್ಲಿಂದ ಮುಂದೆ ಹಳಿಯಿತ್ತು, ಸುರಂಗವಿತ್ತು, ರೈಲು ಮಾತ್ರ ಇರಲಿಲ್ಲ.

ಆ ಆರು ವರ್ಷಗಳ ನಡುವೆಯೇ, 1956ರ ನವೆಂಬರ್ 1ರಂದು, ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಏಕೀಕರಣದ ಇತಿಹಾಸ ಬರೆಯುವವರು ಬೆಂಗಳೂರು, ಧಾರವಾಡ, ಬಳ್ಳಾರಿಯ ಸಂಭ್ರಮವನ್ನು ಬಣ್ಣಿಸುತ್ತಾರೆ. ಆ ದಿನ ಕನ್ನಡ ನಾಡಿನ ಪಶ್ಚಿಮದ ಒಂದು ತುದಿ, ರೈಲಿನ ಲೆಕ್ಕದಲ್ಲಿ, ವಿದೇಶಿ ಗಡಿಗೆ ಮುಖ ಮಾಡಿ ನಿಂತಿದ್ದ ಈ ಪ್ಲಾಟ್‌ಫಾರ್ಮಿನಲ್ಲಿತ್ತು ಎಂಬುದನ್ನು ನಾನು ಎಲ್ಲಿಯೂ ಓದಿದ ನೆನಪಿಲ್ಲ. ಗೋವಾದ ವಿಮೋಚನೆಯ ಇತಿಹಾಸದಲ್ಲಿ ಕರ್ನಾಟಕದ ಪಾಲನ್ನು ಬರೆಯುವಾಗ ಇಂಥ ಗಡಿ ಊರುಗಳಿಗೆ ನಾವು ಇನ್ನಷ್ಟು ಜಾಗ ಕೊಡಬೇಕು.

1961ರ ಡಿಸೆಂಬರ್ 18ರಂದು ಭಾರತದ ಸೇನೆ ಗೋವಾ ಪ್ರವೇಶಿಸಿತು, ಮರುದಿನ ಸಂಜೆ ಪೋರ್ಚುಗೀಸರು ಶರಣಾದರು. ಪೂರ್ವದ ಕಡೆಯಿಂದ ಹೋದ 63ನೇ ಪದಾತಿ ಬ್ರಿಗೇಡ್ ಇಳಿದದ್ದು ಇಲ್ಲಿಗೆ ಸಮೀಪದ ಅನಮೋಡ್ ದಾರಿಯಿಂದ. ಅಲ್ಲಿಗೆ ಕ್ಯಾಸಲ್ ರಾಕ್‌ನ ಗಡಿ ನಿಲ್ದಾಣದ ಜೀವನ ಮುಗಿಯಿತು. ಕಸ್ಟಮ್ಸ್ ಹೋಯಿತು, ಟ್ರಂಕು ತೆರೆಸುವವರು ಹೋದರು, ಹಳಿ ಮತ್ತೆ ಕೂಡಿಕೊಂಡಿತು. ಆಡಳಿತದ ಹೆಸರುಗಳು ಮಾತ್ರ ಬದಲಾಗುತ್ತ ಹೋದವು: 1951ರಿಂದ ದಕ್ಷಿಣ ರೈಲ್ವೆ, 1966ರಿಂದ ದಕ್ಷಿಣ ಮಧ್ಯ ರೈಲ್ವೆ, 2003ರ ಏಪ್ರಿಲ್‌ನಿಂದ ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ.

ಗಡಿಯ ಕಾರಣಕ್ಕೆ ಹುಟ್ಟಿದ ನಿಲ್ದಾಣ ಗಡಿ ಅಳಿದ ಮೇಲೆ ಕಳೆಗುಂದಬೇಕಾಗಿತ್ತು. ಹಾಗಾಗಲಿಲ್ಲ. ಅದನ್ನು ಉಳಿಸಿದ್ದು ಇಳಿಜಾರು. ನಿಲ್ದಾಣದ ನಿಜವಾದ ಕೆಲಸವೂ, ಅದರ ಬಗ್ಗೆ ನನಗಿರುವ ಗೌರವದ ಮೂಲವೂ ಅಲ್ಲೇ ಇರುವುದರಿಂದ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕ್ಯಾಸಲ್ ರಾಕ್‌ನಿಂದ ಕುಳೆಂಗೆ ಸುಮಾರು 26 ಕಿಲೋಮೀಟರ್. ಅಷ್ಟರೊಳಗೆ ಹಳಿ 500 ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಅತಿ ಕಡಿದಾದ ಕಡೆಗಳಲ್ಲಿ ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಕೆಳಗೆ. ಕಾಲ್ನಡಿಗೆಯವರಿಗೆ ಇದು ಗಮನಕ್ಕೂ ಬಾರದ ಇಳಿಜಾರು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಮಾತ್ರ ಅದು ಬೇರೆಯೇ ಆಗುತ್ತದೆ; ಬಯಲು ಸೀಮೆಯ ಮುಖ್ಯ ಮಾರ್ಗಗಳಲ್ಲಿ 150ಕ್ಕೆ 1 ಎಂದರೂ ಎಂಜಿನ್‌ಗೆ ಏರು ಎಂದೇ ಲೆಕ್ಕ. ಇದರ ಮೇಲೆ ತಿರುವುಗಳು, ಸುರಂಗಗಳು, ಮತ್ತು ವರ್ಷಕ್ಕೆ ಸರಾಸರಿ 5000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಯಲ್ಲಿ ನೆನೆದ ಹಳಿ.

ಮೀಟರ್ ಗೇಜ್ ಕಾಲದಲ್ಲಿ ನನ್ನ ಸೋದರಮಾವ ಹುಬ್ಬಳ್ಳಿ ವಿಭಾಗದಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. ಘಟ್ಟ ಹತ್ತುವುದು ಎಷ್ಟು ಕಷ್ಟವಾಗಿತ್ತೆಂದು ಒಮ್ಮೆ ಕೇಳಿದಾಗ ಅವರು ಹೇಳಿದ ಮಾತು ಇದು: "ಏರೂವಾಗ ಹೆದರಿಕಿ ಇಲ್ಲೋ ತಮ್ಮಾ. ಎಂಜಿನ್ ಸೋತ್ರ ಗಾಡಿ ನಿಂತೀತು, ಅಷ್ಟ. ಹೆದರಿಕಿ ಏನಿದ್ರೂ ಇಳಿಯೂವಾಗ." ರೈಲಿನ ಕೊನೆಯ ಬ್ರೇಕ್ ವ್ಯಾನಿನಲ್ಲಿ ಒಬ್ಬರೇ ಕುಳಿತು, ಹ್ಯಾಂಡ್ ಬ್ರೇಕಿನ ಚಕ್ರದ ಮೇಲೆ ಕೈಯಿಟ್ಟುಕೊಂಡು, ಮುಂದಿನ ಎಂಜಿನ್ನಿನ ಸೀಟಿಗೆ ಕಿವಿಗೊಟ್ಟು ಘಟ್ಟ ಇಳಿದವರ ಮಾತು ಅದು. ಈಗ ಬ್ರೇಕಿನ ವ್ಯವಸ್ಥೆ ಎಷ್ಟೋ ಸುಧಾರಿಸಿದೆ, ಡೀಸೆಲ್ ಎಂಜಿನ್ನಿನ ಮೋಟರುಗಳೇ ಇಳಿಜಾರಿನಲ್ಲಿ ವೇಗಕ್ಕೆ ತಡೆಯೊಡ್ಡುವಂತೆ ಮಾಡುವ ಡೈನಾಮಿಕ್ ಬ್ರೇಕ್ ಬಂದಿದೆ. ಆದರೂ ಮಾವ ಹೇಳಿದ ಕ್ರಮ ಬದಲಾಗಿಲ್ಲ: ಘಟ್ಟದಲ್ಲಿ ಮೊದಲು ನಂಬಬೇಕಾದದ್ದು ಬ್ರೇಕನ್ನು, ಆಮೇಲೆ ಎಂಜಿನ್ನನ್ನು.

ಹಾಗಾಗಿ ಇಳಿಯುವ ಪ್ರತಿಯೊಂದು ರೈಲೂ ಕ್ಯಾಸಲ್ ರಾಕ್‌ನಲ್ಲಿ ನಿಲ್ಲಬೇಕು. ಬ್ರೇಕ್ ಪೈಪಿನಲ್ಲಿ ಕೊನೆಯ ಡಬ್ಬಿಯವರೆಗೂ ಗಾಳಿಯ ಒತ್ತಡ ಸರಿಯಾಗಿದೆಯೇ, ಪ್ರತಿ ಗಾಲಿಯ ಬ್ರೇಕ್ ಹಿಡಿಯುತ್ತದೆಯೇ, ಬಿಡುತ್ತದೆಯೇ ಎಂದು ಸಿಬ್ಬಂದಿ ನೋಡಬೇಕು. ಹತ್ತುವ ರೈಲುಗಳ ಕಥೆ ಇದಕ್ಕೆ ಕನ್ನಡಿಯಂತಿದೆ. ಕುಳೆಂನಲ್ಲಿ ಅವುಗಳ ಹಿಂದಕ್ಕೆ ಹೆಚ್ಚಿನ ಎಂಜಿನ್‌ಗಳನ್ನು ಜೋಡಿಸುತ್ತಾರೆ. ರೈಲ್ವೆಯವರು ಅವನ್ನು ಬ್ಯಾಂಕರ್ ಎನ್ನುತ್ತಾರೆ. ಮುಂದಿನ ಎಂಜಿನ್ ಎಳೆಯುತ್ತದೆ, ಬ್ಯಾಂಕರ್‌ಗಳು ಹಿಂದಿನಿಂದ ದೂಡುತ್ತವೆ. ಘಟ್ಟದ ತುದಿಯ ಕ್ಯಾಸಲ್ ರಾಕ್‌ನಲ್ಲಿ ಅವನ್ನು ಬಿಡಿಸುತ್ತಾರೆ. ರಾತ್ರಿ ಮಲಗಿದ್ದಲ್ಲೇ ಒಂದು ಸಣ್ಣ ಕುಲುಕಾಟಕ್ಕೆ ಎಚ್ಚರಗೊಂಡು, ರೈಲು ಏಕೆ ನಿಂತಿದೆಯೆಂದು ಗೊಣಗಿ ಮಗ್ಗುಲು ಬದಲಿಸುವ ಪ್ರಯಾಣಿಕರಿಗೆ, ಆ ಹೊತ್ತಿನಲ್ಲಿ ಕೆಳಗೆ ಜಲ್ಲಿಯ ಮೇಲೆ ಮಳೆಯಲ್ಲಿ ನಿಂತು ಕಪ್ಲಿಂಗ್ ಬಿಚ್ಚುತ್ತಿರುವವರು ಕಾಣುವುದಿಲ್ಲ.

ಇದೆಲ್ಲ ಮಾಡಿದ ಮೇಲೂ ಬ್ರೇಕ್ ಕೈಕೊಟ್ಟರೆ? ಅದಕ್ಕೂ ಘಟ್ಟದಲ್ಲಿ ಏರ್ಪಾಡಿದೆ. ದಾರಿಯ ನಿಲ್ದಾಣಗಳಲ್ಲಿ ಕ್ಯಾಚ್ ಸೈಡಿಂಗ್ ಎಂಬ ಪಕ್ಕದ ಹಳಿಗಳಿವೆ. ಮುಖ್ಯ ಮಾರ್ಗದಿಂದ ಕವಲೊಡೆದು ಮೇಲ್ಮುಖವಾಗಿ ಏರಿ ಅಲ್ಲಿಯೇ ಕೊನೆಯಾಗುವ ಈ ಹಳಿಗಳ ಕಡೆಗೇ ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ, ಸದಾ ತಿರುಗಿರುತ್ತದೆ. ಇಳಿದು ಬರುವ ರೈಲು ಚಾಲಕನ ಹಿಡಿತದಲ್ಲಿದೆ ಎಂಬುದು ಖಚಿತವಾದ ಮೇಲಷ್ಟೇ ಅದಕ್ಕೆ ಮುಖ್ಯ ಮಾರ್ಗ ಸಿಗುತ್ತದೆ. ಹಿಡಿತ ತಪ್ಪಿದ ರೈಲಾದರೆ ತಾನಾಗಿಯೇ ಪಕ್ಕಕ್ಕೆ ಹೊರಳಿ, ಏರು ಹತ್ತಿ, ವೇಗ ಕಳೆದುಕೊಂಡು ನಿಲ್ಲಬೇಕು. ದಾರಿ ಮುಚ್ಚಿರುವುದೇ ನಿಯಮ, ತೆರೆಯುವುದು ವಿನಾಯಿತಿ ಎಂಬ ಈ ಎಚ್ಚರಿಕೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ವೇಗವನ್ನೇ ರೈಲ್ವೆಯ ಸಾಧನೆಯೆಂದು ಹಾಡಿ ಹೊಗಳುವ ಈ ದಿನಗಳಲ್ಲಿ, ಘಟ್ಟವನ್ನು ನಿಧಾನವಾಗಿ, ಪ್ರತಿದಿನವೂ, ಸುರಕ್ಷಿತವಾಗಿ ಇಳಿಸುವವರ ಕೆಲಸಕ್ಕೂ ಅಷ್ಟೇ ಗೌರವ ಸಲ್ಲಬೇಕು.

ಮಳೆಗಾಲದಲ್ಲಿ ಈ ಕೆಲಸದ ಬಹುಪಾಲು ಗ್ಯಾಂಗ್‌ಮನ್‌ಗಳ ಮೇಲೆ ಬೀಳುತ್ತದೆ. ಈಗ ಅವರನ್ನು ಟ್ರ್ಯಾಕ್ ಮೆಂಟೇನರ್ ಎನ್ನುತ್ತಾರೆ. ಗುಡ್ಡ ಜಾರಿದೆಯೇ, ಹಳಿಯ ಮೇಲೆ ಬಂಡೆಯೋ ಮರವೋ ಬಿದ್ದಿದೆಯೇ, ಮೋರಿಯ ನೀರು ಜಲ್ಲಿಯನ್ನು ಕೊಚ್ಚಿಕೊಂಡು ಹೋಗಿದೆಯೇ ಎಂದು ನೋಡಲು ರಾತ್ರಿಯಿಡೀ ಕೈದೀಪ ಹಿಡಿದು ಹಳಿಯ ಗುಂಟ ನಡೆಯುವವರು ಅವರು. ಸುತ್ತ ಹುಲಿ, ಚಿರತೆ, ಕಾಡುಕೋಣಗಳಿರುವ ಕಾಡು; ಕಾಲ ಬಳಿ ಜಿಗಣೆ, ಹಾವು. ಅವರ ಎಚ್ಚರದ ನಡುವೆಯೂ ಘಟ್ಟ ತನ್ನ ಶಕ್ತಿಯನ್ನು ತೋರಿಸುತ್ತದೆ. 2021ರ ಜುಲೈ 23ರಂದು ಕೊಂಕಣ ಮಾರ್ಗದಲ್ಲಿ ಪ್ರವಾಹದಿಂದ ಸಂಚಾರ ಅಸ್ತವ್ಯಸ್ತವಾಗಿ, ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ರೈಲನ್ನು ಈ ದಾರಿಗೆ ತಿರುಗಿಸಿದಾಗ, ದೂಧಸಾಗರ ಮತ್ತು ಸೋನಾವಳಿ ನಿಲ್ದಾಣಗಳ ನಡುವೆ ಗುಡ್ಡ ಕುಸಿದು ರೈಲು ಹಳಿ ತಪ್ಪಿತು. ಪ್ರಾಣಹಾನಿಯಾಗಲಿಲ್ಲ. ಘಟ್ಟದ ವೇಗಮಿತಿ ಕಡಿಮೆ ಇರುವುದರ ಬೆಲೆ ಅಂಥ ದಿನ ತಿಳಿಯುತ್ತದೆ.

ಈ ಮಾರ್ಗದ ಸರಕಿನ ಚರಿತ್ರೆಯಲ್ಲಿ ಒಂದು ಸಂಗತಿ ನನ್ನ ಗಮನ ಸೆಳೆದಿದೆ. ಬಹುಕಾಲ ಇಲ್ಲಿ ಭಾರ ಇಳಿಯುತ್ತಿತ್ತು. ಮೊದಲು ಹತ್ತಿ ಮತ್ತು ಧಾನ್ಯ, ಆಮೇಲೆ ಮ್ಯಾಂಗನೀಸ್ ಮತ್ತು ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರು ಮರ್ಮಗೋವಾದ ಹಡಗು ಸೇರಲು ಘಟ್ಟ ಇಳಿಯುತ್ತಿದ್ದವು. 2010ರಲ್ಲಿ ಕರ್ನಾಟಕ ಅದಿರು ರಫ್ತನ್ನು ನಿಷೇಧಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಈಗ ಭಾರ ಏರುತ್ತದೆ: ವಿದೇಶಗಳಿಂದ ಮರ್ಮಗೋವಾಕ್ಕೆ ಬಂದಿಳಿದ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಗೆ ಘಟ್ಟ ಹತ್ತುತ್ತದೆ. ತುಂಬಿದ ರೈಲನ್ನು ತಡೆದು ಇಳಿಸುವ ಕೆಲಸವೇ ಹೆಚ್ಚಾಗಿದ್ದ ಘಟ್ಟದಲ್ಲಿ ಈಗ ತುಂಬಿದ ರೈಲನ್ನು ದೂಡಿ ಹತ್ತಿಸುವ ಕೆಲಸ ದೊಡ್ಡದಾಗಿದೆ.

ಜೋಡಿ ಮಾರ್ಗದ ವಿವಾದದ ಬೇರು ಇರುವುದೂ ಇಲ್ಲೇ. ಹೊಸಪೇಟೆಯಿಂದ ವಾಸ್ಕೋವರೆಗೆ ಎರಡನೇ ಹಳಿ ಹಾಕುವ ಯೋಜನೆಯಲ್ಲಿ ಕ್ಯಾಸಲ್ ರಾಕ್–ಕುಳೆಂ ಭಾಗ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನದ ಮೂಲಕ ಹಾಯುತ್ತದೆ. ಗೋವಾದಲ್ಲಿ ಇದಕ್ಕೆ ದೊಡ್ಡ ವಿರೋಧ ಎದ್ದಿತು. 2020ರ ನವೆಂಬರ್‌ನಲ್ಲಿ ಚಾಂದೋರ್‌ನಲ್ಲಿ ಜನರು ರಾತ್ರಿ ರೈಲು ಹಳಿಯ ಬಳಿ ಸೇರಿ ಪ್ರತಿಭಟಿಸಿದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಕೇಂದ್ರ ಉನ್ನತಾಧಿಕಾರ ಸಮಿತಿಯ ವರದಿಯನ್ನು ಒಪ್ಪಿಕೊಂಡು, ಈ ಭಾಗದ ಜೋಡಿ ಮಾರ್ಗಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಅನುಮತಿಯನ್ನು ರದ್ದುಪಡಿಸಿತು. ನಾನು ರೈಲನ್ನು ಪ್ರೀತಿಸುವವನು. ಹೊಸ ಹಳಿ ಎಂದರೆ ಸಾಮಾನ್ಯವಾಗಿ ಹಿಗ್ಗುವವನು. ಆದರೆ ಈ ಘಟ್ಟದಲ್ಲಿ ಎರಡನೇ ಹಳಿ ಬೇಡವೆಂದೇ ನನ್ನ ಅಭಿಪ್ರಾಯ. ಹೊಸ ಸುರಂಗ, ಹೊಸ ಕಡಿತಗಳಿಗಾಗಿ ಮತ್ತೆ ಬಗೆಯಬೇಕಾದ ಗುಡ್ಡಗಳು ಈಗಾಗಲೇ ಪ್ರತಿ ಮಳೆಗಾಲಕ್ಕೆ ಸಡಿಲವಾಗುತ್ತಿವೆ. ಕಲ್ಲಿದ್ದಲಿಗೆ ಬೇರೆ ಬಂದರುಗಳಿವೆ, ಕಾಡಿಗೆ ಬೇರೆ ಜಾಗವಿಲ್ಲ.

ಇನ್ನು ಊರಿನವರಿಗೆ ಈ ನಿಲ್ದಾಣ ಏನು ಕೊಡುತ್ತದೆ ಎಂಬ ಮಾತು. ಮೀಟರ್ ಗೇಜ್ ಹೋಗಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂದಿತು. ಟಿಕೆಟ್ ಕಿಟಕಿ, ಸ್ಟೇಷನ್ ಮಾಸ್ಟರರ ಕೋಣೆ, ನಿಂತು ಕಾಯಲು ಮಾಡು, ರೈಲ್ವೆ ಕ್ವಾರ್ಟರ್ಸ್‌ಗಳು, ಊರಿನ ಮಟ್ಟಿಗೆ ಹೇಳಿದರೆ ಇಷ್ಟೇ. ಆದರೆ ಇಲ್ಲಿನ ಬದುಕಿನ ದಿಕ್ಕನ್ನು ರೈಲೇ ನಿರ್ಧರಿಸಿದೆ. ತಾಲ್ಲೂಕು ಕೇಂದ್ರವಾದ ಜೋಯಿಡಾಕ್ಕೆ ರೈಲಿಲ್ಲ, ಕಾಡಿನ ರಸ್ತೆಯೇ ಗತಿ. ಸಂತೆ, ಆಸ್ಪತ್ರೆ, ಕಾಲೇಜು ಎಂದರೆ ರೈಲು ಹಿಡಿದು ಲೋಂಡಾ, ಬೆಳಗಾವಿ, ಹುಬ್ಬಳ್ಳಿ, ಇಲ್ಲವೇ ಕೆಳಗೆ ಗೋವಾ. ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ರೈಲಿನಲ್ಲೇ ಹೋಗಬೇಕೆಂದರೆ ಗೋವಾಕ್ಕೆ ಇಳಿದು, ಮಡಗಾಂವ್‌ನಲ್ಲಿ ಕೊಂಕಣ ರೈಲ್ವೆ ಹಿಡಿದು, ಮತ್ತೆ ಕರ್ನಾಟಕ ಸೇರಬೇಕು. ಹತ್ತಿಯ ಕಾಲದಲ್ಲಿ ಕಾರವಾರಕ್ಕೆ ತಪ್ಪಿದ ರೈಲಿನ ಪರಿಣಾಮವನ್ನು ಜಿಲ್ಲೆಯ ಈ ಮೂಲೆಯವರು ಇಂದಿಗೂ ಅನುಭವಿಸುತ್ತಿದ್ದಾರೆ. ಕನ್ನಡ, ಕೊಂಕಣಿ, ಮರಾಠಿ ಮೂರೂ ಒಂದೇ ಬೆಂಚಿನ ಮೇಲೆ ಕೇಳಿಬರುವ ಈ ಪ್ಲಾಟ್‌ಫಾರ್ಮಿನಲ್ಲಿ, ಸುತ್ತಲಿನ ಹಾಡಿಗಳ ಕುಣಬಿಗಳು, ದನಗರ ಗೌಳಿಗಳು ಗಂಟುಮೂಟೆಯೊಂದಿಗೆ ರೈಲಿಗೆ ಕಾಯುವುದನ್ನು ನೋಡಿದಾಗ, ತಪಾಸಣೆಗಾಗಿ ನಿಲ್ಲುವ ರೈಲಿನ ಆ ಕೆಲವು ನಿಮಿಷಗಳು ಇವರಿಗೆ ಹೊರಲೋಕದ ಬಾಗಿಲು ಎಂಬುದು ಅರ್ಥವಾಗುತ್ತದೆ.

ಹೊರಗಿನವರಿಗೆ ಕ್ಯಾಸಲ್ ರಾಕ್ ಎಂದರೆ ದೂಧಸಾಗರ. 310 ಮೀಟರ್ ಎತ್ತರದಿಂದ ಬೀಳುವ ಆ ಜಲಪಾತದ ನಡುವಿನಲ್ಲೇ ರೈಲು ಸೇತುವೆ ಹಾಯುತ್ತದೆ. ಅದನ್ನು ನೋಡಲು ಇಲ್ಲಿ ಇಳಿದು ಹಳಿಯ ಮೇಲೆ, ಸುರಂಗಗಳ ಒಳಗೆ ನಡೆದು ಹೋಗುವ ಚಾಳಿ ಎಷ್ಟೋ ವರ್ಷ ನಡೆಯಿತು. 2023ರ ಜುಲೈನಲ್ಲಿ ಪೊಲೀಸರು ಅಂಥವರನ್ನು ತಡೆದಾಗ, ರೈಲಿನೊಳಗಿಂದಲೇ ಜಲಪಾತವನ್ನು ನೋಡಿ ಎಂದು ನೈಋತ್ಯ ರೈಲ್ವೆ ವಿನಂತಿಸಿಕೊಂಡಿತು. ಅದು ನ್ಯಾಯವಾದ ಮಾತು. ಸುರಂಗದ ಗೋಡೆಗೂ ರೈಲಿಗೂ ನಡುವೆ ಎಷ್ಟು ಜಾಗವಿದೆ ಎಂಬುದನ್ನು ಕಿಟಕಿಯಿಂದ ಒಮ್ಮೆ ನೋಡಿದವರು ಆ ದಾರಿಯಲ್ಲಿ ನಡೆಯುವ ಆಸೆಯನ್ನು ಬಿಡುತ್ತಾರೆ.

ವಿದ್ಯುದೀಕರಣದಿಂದ ಎಂಜಿನ್‌ಗಳ ಶಕ್ತಿ ಹೆಚ್ಚಬಹುದು. 37ಕ್ಕೆ 1ರ ಇಳಿಜಾರು ಮಾತ್ರ ಹಾಗೆಯೇ ಇರುತ್ತದೆ. ಆದ್ದರಿಂದ ಇಲ್ಲಿ ರೈಲು ನಿಲ್ಲುವುದು ತಪ್ಪಲಾರದೆಂದು ನಾನು ನಂಬಿದ್ದೇನೆ. ಹೇಗೂ ನಿಲ್ಲುವ ರೈಲುಗಳಲ್ಲಿ ಹಳ್ಳಿಯವರಿಗೆ ಕೂರಲು ಜಾಗವಿರುವಂತೆ ಕಾಯ್ದಿರಿಸದ ಬೋಗಿಗಳನ್ನು ಉಳಿಸಿಕೊಳ್ಳುವುದು, ಮಳೆಗಾಲದ ರಾತ್ರಿಗಳಲ್ಲಿ ಗಸ್ತು ತಿರುಗುವವರಿಗೆ ಸಾಕಷ್ಟು ಜೊತೆಗಾರರನ್ನೂ ಒಳ್ಳೆಯ ಸಲಕರಣೆಗಳನ್ನೂ ಕೊಡುವುದು, ಈ ಎರಡನ್ನು ನೈಋತ್ಯ ರೈಲ್ವೆ ಮಾಡಬೇಕೆಂಬುದು ನನ್ನ ಬೇಡಿಕೆ. ಇನ್ನೊಂದು ಬೇಡಿಕೆ ಇತಿಹಾಸದ್ದು. 1888, 1892, 1955, 1961 ಎಂಬ ನಾಲ್ಕು ವರ್ಷಗಳನ್ನೂ ಅವುಗಳ ಹಿಂದಿನ ಸಂಗತಿಗಳನ್ನೂ ಹೇಳುವ ಒಂದು ಕನ್ನಡ ಫಲಕವನ್ನು ಪ್ಲಾಟ್‌ಫಾರ್ಮಿನಲ್ಲಿ ಹಾಕಲು ಹೆಚ್ಚು ಖರ್ಚಾಗುವುದಿಲ್ಲ. ಕೊಂಕಣಿ ಮತ್ತು ಮರಾಠಿಯಲ್ಲೂ ಅದೇ ಫಲಕ ಇರಲಿ. ಆ ಇತಿಹಾಸದಲ್ಲಿ ಪಾಲಿರುವವರು ಮೂರೂ ಭಾಷೆಯವರು.